ಹುಬ್ಬಿನಿಂದ ಗದ್ದದವರೆಗೆ

ಕಾರು ನೇರ ನನ್ನ ಮೇಲೇ ಬರುತ್ತಿತ್ತು.

ಬೇಸ್‌ಮೆಂಟ್ ಪಾರ್ಕಿಂಗ್. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಟ್ಯೂಬ್‌ಲೈಟಿನ ಬೆಳಕೇ ಗತಿ. ಎಡಕ್ಕೆ ಗೋಡೆ, ಬಲಕ್ಕೆ ಸಾಲಾಗಿ ನಿಂತ ಗಾಡಿಗಳು, ಎದುರಿಗೆ ಹೆಡ್‌ಲೈಟ್ ಉರಿಸಿಕೊಂಡು ನುಗ್ಗುತ್ತಿದ್ದ ಆ ಬಿಳಿ ಕಾರು... ಐವತ್ತು ದಾಟಿದ ಹೆಂಗಸು ನಾನು. ನನ್ನ ಬಲಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿವೆ.

ಆದರೂ ಹಾರಿದೆ!

ಕಂಬದ ಹಿಂದೆ ಹೋಗಿ ಬಿದ್ದೆ. ಮೊಣಕೈ ತರಚಿತು. ಕಾರು ಕಂಬವನ್ನು ಸವರಿಕೊಂಡು ಹೋಯಿತು. ಅದರ ಪಕ್ಕದ ಕನ್ನಡಿ ಕಿತ್ತು ಬಂದು ನನ್ನ ಕಾಲ ಬಳಿ ಬಿತ್ತು. ಹೋದರೆ ಹೋಗಲಿ ಎಂದುಕೊಂಡೆ. ಆ ಮನುಷ್ಯ ಹೇಗೂ ಅದನ್ನು ನೋಡುವವನಲ್ಲ.

ಕಾರು ಆ ತುದಿಯಲ್ಲಿ ನಿಂತಿತು. ಗೇರ್ ಕರಕರ ಅಂದಿತು. ತಿರುಗಿ ಬರುವ ಹುನ್ನಾರದಲ್ಲಿದ್ದ.

ಅವನು ಗೇರ್ ಹುಡುಕಲಿ. ಅಷ್ಟರಲ್ಲಿ ನಾನು ಹಿಂದಿನದನ್ನು ಹೇಳಿ ಮುಗಿಸುತ್ತೇನೆ, ಕೇಳಿ.

ಪೊಲೀಸ್ ಕೆಲಸ ಬಿಟ್ಟ ಮೇಲೆ ನಾನು ಹಿಡಿದದ್ದು ಖಾಸಗಿ ಪತ್ತೇದಾರಿಕೆ. ಬೋರ್ಡಿನಲ್ಲಿ ಹಾಗೆ ಬರೆಸಿದ್ದೇನೆ. ನಿಜವಾಗಿ ಮಾಡುವುದೆಂದರೆ ಓಡಿಹೋದ ಗಂಡಂದಿರನ್ನು ಹುಡುಕುವುದು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತವರ ಕೈಗೆ ಕೋರ್ಟಿನ ನೋಟಿಸ್ ತುರುಕುವುದು. ಇಸ್ತ್ರಿ ಅಂಗಡಿಯ ಮೇಲೊಂದು ಕೋಣೆ ನನ್ನ ಆಫೀಸು. ಕೆಳಗಿನ ಬಿಸಿಗೆ ನೆಲ ಸದಾ ಬೆಚ್ಚಗಿರುತ್ತದೆ. ಈ ಕಸುಬಿನಲ್ಲಿ ಇರುವವರೆಲ್ಲ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಹಾಗೆ ಕರೆಯಲು ನಿಜವಾದ ಹಕ್ಕಿರುವವಳು ಒಬ್ಬಳೇ, ನನ್ನ ತಂಗಿಯ ಮಗಳು.

ಅವಳು ಆ ದಿನ ಬೆಳಿಗ್ಗೆ ತನ್ನ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಶಾಲೆಯ ದಿನ. ಮಗು ಮನೆಯ ಚಪ್ಪಲಿಯಲ್ಲಿತ್ತು. ಅಲ್ಲೇ ನನಗೆ ಏನೋ ಸರಿಯಿಲ್ಲ ಎನ್ನಿಸಿತು.

“ದೊಡ್ಡಮ್ಮ, ನಾನು ಸ್ಕೂಲ್ ಮುಚ್ತಾ ಇದ್ದೀನಿ. ಊರೂ ಬಿಡ್ತೀನಿ.”

ಅವಳದು ಡ್ರೈವಿಂಗ್ ಸ್ಕೂಲ್. ಸ್ಟಿಯರಿಂಗ್ ಮುಟ್ಟಲು ಹೆದರುವ ಹೆಂಗಸರನ್ನು ಹೆದ್ದಾರಿಗೆ ಇಳಿಸುವುದರಲ್ಲಿ ಅವಳದು ಎತ್ತಿದ ಕೈ. ಏರಿನಲ್ಲಿ ಗಾಡಿ ಎತ್ತುವುದು ಹೇಗೆ, ಇಕ್ಕಟ್ಟಿನಲ್ಲಿ ನಿಲ್ಲಿಸುವುದು ಹೇಗೆ ಎಂದು ಪುಟ್ಟ ಪುಟ್ಟ ವಿಡಿಯೋ ಮಾಡಿ ಒಂದು ಆ್ಯಪಿನಲ್ಲಿ ಹಾಕುತ್ತಾಳೆ. ಅದನ್ನು ನೋಡಿಯೇ ಜನ ಕಲಿಯಲು ಬರುತ್ತಾರೆ. ಬ್ರೇಕ್ ಎಂದುಕೊಂಡು ಆ್ಯಕ್ಸಿಲರೇಟರ್ ತುಳಿಯುವವರ ಪಕ್ಕದಲ್ಲಿ ದಿನವಿಡೀ ಕಣ್ಣು ಮಿಟುಕಿಸದೆ ಕೂರುವ ಹುಡುಗಿ ಅವಳು. ಆವತ್ತು ಒಳಗೆ ಬಂದವಳೇ ನನ್ನ ಬಾಗಿಲ ಚಿಲಕವನ್ನು ಎರಡು ಸಲ ಹಾಕಿ ನೋಡಿದಳು.

ಫೋನ್ ನನ್ನ ಮುಂದೆ ಇಟ್ಟಳು. ಆ ಆ್ಯಪಿನಲ್ಲಿ ಯಾರೋ ಅವಳಿಗೆ ಕಳಿಸಿದ್ದ ಸಂದೇಶಗಳು. ಓದಿದೆ.

ಒಂದರಲ್ಲೂ ಬೈಗುಳವಿಲ್ಲ. ಹಸಿರು ಸ್ವೆಟರ್ ನಿಮಗೆ ಒಪ್ಪುತ್ತದೆ. ಅಡುಗೆಮನೆಯ ಬಲ್ಬ್ ಹೋಗಿದೆ, ಬದಲಾಯಿಸಿ. ನಿನ್ನೆ ಕೆಳಗಿನ ಚಿಲಕ ಮಾತ್ರ ಹಾಕಿದಿರಿ, ಮೇಲಿನದು ಮರೆತಿರಿ... ಒಂದೊಂದನ್ನೇ ಬಿಡಿಸಿ ನೋಡಿದರೆ ಪಕ್ಕದ ಮನೆಯ ತಾತ ಕಾಳಜಿಯಿಂದ ಹೇಳಿದಂತೆ. ಒಟ್ಟಿಗೆ ಓದಿದರೆ ಕಿಟಕಿಯಾಚೆ ಯಾರೋ ನಿಂತು ನಿಮ್ಮನ್ನೇ ನೋಡುತ್ತಿರುವಂತೆ. ನಾನೇ ಒಮ್ಮೆ ತಿರುಗಿ ಕಿಟಕಿ ನೋಡಿದೆ.

ಒಂದು ಖಾತೆಯನ್ನು ಬ್ಲಾಕ್ ಮಾಡಿದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಖಾತೆ. ಬೇರೆ ಹೆಸರು, ಬೇರೆ ಹೂವಿನ ಚಿತ್ರ, ಅದೇ ಮನುಷ್ಯ.

ಅವಳು ಪ್ರತಿಯೊಂದಕ್ಕೂ ಆ್ಯಪಿನ ಕಂಪನಿಗೆ ದೂರು ಕೊಟ್ಟಿದ್ದಳು. ಪ್ರತಿಯೊಂದಕ್ಕೂ ಉತ್ತರ ಬಂದಿತ್ತು, ಅಕ್ಷರ ಆಚೀಚೆಯಾಗದೆ ಅದೇ ಉತ್ತರ. ಪರಿಶೀಲಿಸಿದ್ದೇವೆ, ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ, ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ. ಕೆಳಗೆ ಒಂದು ನಗುವ ಮುಖ, ಒಂದು ಅಳುವ ಮುಖ. ನಮ್ಮ ಸೇವೆ ತೃಪ್ತಿ ತಂದಿದ್ದರೆ ನಗುವ ಮುಖ ಒತ್ತಬೇಕಂತೆ!

ಠಾಣೆಗಳಲ್ಲಿ ನಾನು ಬೇಕಾದಷ್ಟು ಸೋಮಾರಿಗಳನ್ನು ನೋಡಿದ್ದೇನೆ. ದೂರು ತೆಗೆದುಕೊಳ್ಳದೆ ನಾಳೆ ಬಾ ಎಂದು ಸಾಗಹಾಕುವವರು. ಆದರೆ ಅವರು ಎದುರಿಗೇ ಆಕಳಿಸುತ್ತಿದ್ದರು. ಬೈಯಲು ಒಂದು ಮುಖವಾದರೂ ಇರುತ್ತಿತ್ತು. ಇವರದು ಮುಖವಿಲ್ಲದ ಸೋಮಾರಿತನ. ಅದಕ್ಕೆ ನಮ್ಮಿಂದ ಶಹಬ್ಬಾಸ್ ಬೇರೆ ಬೇಕು.

ಆ ಬೆಳಿಗ್ಗೆ ಬಂದದ್ದು ಒಂದು ಫೋಟೋ.

ಶಾಲೆಯ ಗೇಟಿನ ಮುಂದೆ ಮಗು ಬ್ಯಾಗ್ ಹೊತ್ತು ನಿಂತಿತ್ತು. ಕೆಳಗೆ ಒಂದೇ ಸಾಲು. ಶಾಲೆ ಬಿಡುವ ಹೊತ್ತಿಗೆ ಇಲ್ಲಿ ಗಾಡಿಗಳ ಕಾಟ, ಜೋಪಾನ. ಅವಳು ಆಗಲೇ ಠಾಣೆಗೂ ಹೋಗಿ ಬಂದಿದ್ದಳು. ಸ್ವಲ್ಪ ದಿನ ಫೋನ್ ಆಫ್ ಮಾಡಿಡಿ ಎಂದರಂತೆ. ಕಂಪನಿಗೂ ದೂರು ಕೊಟ್ಟಳು. ಉಲ್ಲಂಘನೆ ಕಂಡುಬಂದಿಲ್ಲ ಎಂದು ಉತ್ತರ ಬಂತು.

ನನ್ನ ಮೈ ಉರಿದುಹೋಯಿತು. ಆದರೂ ನಾನು ಆ ಫೋಟೋವನ್ನೇ ನೋಡುತ್ತಾ ಕುಳಿತೆ. ಮಗುವಿನ ಮುಖದ ಮೇಲೆ ಒಂದು ಬೂದುಬಣ್ಣದ ಚೌಕ ಕೂರಿಸಿದ್ದ.

ಯಾಕೆ?

ಬೆದರಿಸುವವನಿಗೆ ಮುಖ ತೋರಿಸುವುದೇ ತಾನೇ ಬೇಕಾಗಿರುವುದು? ಬೆದರಿಕೆಯ ಬಂಡವಾಳವೇ ಅದು. ಇವನು ಅದನ್ನೇ ಮುಚ್ಚಿದ್ದ. ಸಾಲದ್ದಕ್ಕೆ ಹಿಂದೆ ನಿಂತಿದ್ದ ಯಾವುದೋ ಹಾಲಿನ ವ್ಯಾನಿನ ನಂಬರ್ ಪ್ಲೇಟನ್ನೂ ಮುಚ್ಚಿದ್ದ, ಅಂಚು ಕೂಡ ಸೊಟ್ಟಗಾಗದ ಹಾಗೆ. ರೌಡಿಗಳ ಬೆದರಿಕೆ ನಾನು ಕಂಡದ್ದಕ್ಕೆ ಲೆಕ್ಕವಿಲ್ಲ. ಒಬ್ಬನಿಗೂ ಇಂಥ ಶಿಸ್ತು ಇರಲಿಲ್ಲ.

ಮಗುವನ್ನು ಇಸ್ತ್ರಿಯವನ ಹೆಂಡತಿಯ ಬಳಿ ಕೂರಿಸಿ, ಒಳಗಿಂದ ಬಾಗಿಲು ಹಾಕಿಕೊಂಡಿರಲು ತಂಗಿಯ ಮಗಳಿಗೆ ಹೇಳಿ, ಫೋಟೋವನ್ನು ಪ್ರಿಂಟ್ ಹಾಕಿಸಿಕೊಂಡು ಒಂದು ಚಪ್ಪಲಿ ಅಂಗಡಿಗೆ ಹೋದೆ.

ಅಲ್ಲಿ ಕೆಲಸಕ್ಕಿರುವ ಒಬ್ಬಳು ನನಗೆ ಹಳೆಯ ಪರಿಚಯ. ಹಿಂದೆ ಅದೇ ಕಂಪನಿಯ ಪರಿಶೀಲನಾ ಕೇಂದ್ರದಲ್ಲಿದ್ದಳು. ಅಂದರೆ ಜನ ಕೊಟ್ಟ ದೂರುಗಳನ್ನು ದಿನವಿಡೀ ನೋಡಿ, ಇದು ಇರಲಿ, ಇದು ಹೋಗಲಿ ಎಂದು ಬಟನ್ ಒತ್ತುವ ಕೆಲಸ. ನೋಡಬಾರದ್ದನ್ನೆಲ್ಲ ನೋಡಿ ನಿದ್ದೆಗೆಟ್ಟು ಬಿಟ್ಟು ಬಂದಳು. ಈಗ ಜನರ ಪಾದ ಮಾತ್ರ ನೋಡುತ್ತೇನೆ, ಹಾಯಾಗಿದ್ದೇನೆ ಎನ್ನುತ್ತಾಳೆ. ಫೋಟೋ ತೋರಿಸಿದೆ. ಕೈಯಲ್ಲಿದ್ದ ಶೂ ಡಬ್ಬ ಕೆಳಗಿಟ್ಟಳು.

“ಇದು ನಮ್ಮ ಚೌಕ, ದೊಡ್ಡಮ್ಮ.”

ಅವಳು ವಿವರಿಸಿ ಹೇಳಿದ್ದು ಇಷ್ಟು. ಅಪರಿಚಿತರು ಕಳಿಸಿದ ಫೋಟೋದಲ್ಲಿ ಮಗುವಿನ ಮುಖ ಕಂಡರೆ ಮೆಷಿನ್ ತಾನೇ ಅದನ್ನು ಕಿತ್ತುಹಾಕುತ್ತದೆ. ಮುಖ ಮುಚ್ಚಿದ್ದರೆ ಬಿಟ್ಟುಬಿಡುತ್ತದೆ. ಯಾರಾದರೂ ದೂರು ಕೊಟ್ಟರೆ ಮನುಷ್ಯರ ಮುಂದೆ ಬರುತ್ತದೆ. ಆ ಮನುಷ್ಯರಿಗೆ ಕಾಣುವುದು ಅದೊಂದೇ ಸಂದೇಶ. ಅದರ ಹಿಂದಿನದು ಕಾಣುವುದಿಲ್ಲ, ಮುಂದಿನದು ಕಾಣುವುದಿಲ್ಲ, ಇನ್ನೊಂದು ಖಾತೆಯಿಂದ ಬಂದದ್ದಂತೂ ಇಲ್ಲವೇ ಇಲ್ಲ. ಮಾತು ಸಭ್ಯವಾಗಿದ್ದರೆ ಪಾಸ್. ಹಿಂದಿನದನ್ನು ತೆಗೆದು ನೋಡಲು ಕೂತರೆ ಸ್ಪೀಡ್ ಸಾಲದು ಎಂದು ಬೈಗುಳ.

ಸರಿ, ಮಗುವಿನ ಮುಖದ ಕಾರಣ ತಿಳಿಯಿತು. ಹಾಲಿನ ವ್ಯಾನು?

ಅವಳು ಒಂಥರಾ ನಕ್ಕಳು. ಯಾವ ಚಿತ್ರವನ್ನೇ ಆಗಲಿ ಮೇಲಿನವರಿಗೆ ಕಳಿಸುವ ಮುಂಚೆ ಮಗು, ಗಾಯ, ನಂಬರ್ ಪ್ಲೇಟ್ ಮುಚ್ಚಬೇಕು, ಅದು ಒಳಗಿನ ಕೆಲಸದವರಿಗೆ ಮಾತ್ರ ಇರುವ ನಿಯಮ. ದಿನಕ್ಕೆ ನೂರಾರು ಸಲ ಮಾಡಿ ಮಾಡಿ ಕೈ ತಾನಾಗಿ ಹೋಗುತ್ತದೆ. “ನಮ್ಮಣ್ಣ ಹೊಸ ಕಾರ್ ಜೊತೆ ನಿಂತಿದ್ದ ಫೋಟೋದಲ್ಲೂ ಪ್ಲೇಟ್ ಮುಚ್ಚಿಬಿಟ್ಟಿದ್ದೆ. ಆಮೇಲೆ ನೋಡ್ಕೊಂಡೆ,” ಎಂದಳು.

ಹಾಗಾದರೆ ಅವನು ಒಳಗಿನವನೇ!

ಇದನ್ನೆಲ್ಲ ಕಲಿಸಿದ್ದು ಯಾರು ಎಂದು ಕೇಳಿದೆ. ಮೇಷ್ಟ್ರು ಎಂದಳು. ಸುರಕ್ಷತಾ ವಿಭಾಗದ ಮುಖ್ಯಸ್ಥ, ಎಲ್ಲರೂ ಕರೆಯುವುದು ಹಾಗೆ. ಯಾರು ಏನು ಹೇಳಿದರೂ ನಡುವೆ ತಡೆದು ತಿದ್ದುವುದು ಅವನ ಚಾಳಿ. ಕ್ಯಾಂಟೀನಿನ ಬೋರ್ಡನ್ನೂ ಬಿಟ್ಟವನಲ್ಲವಂತೆ.

ಅಂಗಡಿಯಿಂದಲೇ ತಂಗಿಯ ಮಗಳಿಗೆ ಫೋನ್ ಹಚ್ಚಿದೆ. ಕಂಡದ್ದನ್ನೆಲ್ಲ ತಿದ್ದುವ ಗಂಡಸು ಯಾರಾದರೂ ಕಲಿಯಲು ಬಂದಿದ್ದನೇ? ಒಬ್ಬ ಬಂದಿದ್ದ ಎಂದಳು. ಮೊದಲ ದಿನವೇ ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳ ಚಾರ್ಟಿನಲ್ಲಿ ತಪ್ಪು ಹುಡುಕಿದ್ದನಂತೆ. ಗಾಡಿಯಲ್ಲಿ ಕೂತರೆ ಕನ್ನಡಿ ಮಾತ್ರ ನೋಡುತ್ತಿರಲಿಲ್ಲ. ಹೇಳಿ ಹೇಳಿ ಸಾಕಾಗಿ ಒಂದು ದಿನ, ನಿಮ್ಮ ಹಿಂದೆಯೂ ಜನ ಇದ್ದಾರೆ ಸಾರ್ ಎಂದಳು. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ನಕ್ಕರು. ಅವನು ಸಿಗ್ನಲ್ಲಿನಲ್ಲೇ ಇಳಿದು ಹೋದ.

ಇಷ್ಟೇ! ಇಬ್ಬರು ಹೆಂಗಸರು ಕಿಸಕ್ಕೆಂದಿದ್ದಕ್ಕೆ ಒಂದು ಮಗು ಶಾಲೆ ಬಿಟ್ಟು ಇಸ್ತ್ರಿ ಅಂಗಡಿಯಲ್ಲಿ ಕೂರಬೇಕಾಯಿತು. ಕೆಲವು ಗಂಡಸರ ಮಾನ ಅದೆಷ್ಟು ತೆಳು ಎಂದರೆ, ಅದನ್ನು ಬಿಸಿಲಿಗೆ ಒಣಗಿಸಲೂ ಭಯವಾಗಬೇಕು.

ಆದರೆ ಅನುಮಾನಕ್ಕೆ ಕೋಳ ತೊಡಿಸಲಾಗುವುದಿಲ್ಲ. ಊಟದ ಬಿಡುವಿಗೆ ಅವನು ಕಾರಿನ ಬಳಿ ಬರುತ್ತಾನೆ ಎಂದು ಚಪ್ಪಲಿ ಅಂಗಡಿಯವಳು ಹೇಳಿದ್ದಳು. ಕಂಪನಿಯ ಕಟ್ಟಡದ ಬೇಸ್‌ಮೆಂಟಿಗೆ ಇಳಿದು ಕಾದೆ. ಜೇಬಿನಲ್ಲಿ ಫೋನ್ ಇತ್ತು. ರೆಕಾರ್ಡಿಂಗ್ ಆನ್ ಮಾಡಿದ್ದೆ.

ಬಂದ. ಬಿಳಿ ಅಂಗಿ, ಕೊರಳಲ್ಲಿ ಐಡಿ ಕಾರ್ಡ್, ಮುಖದಲ್ಲಿ ಲೋಕಕ್ಕೆಲ್ಲ ಉತ್ತರಪತ್ರಿಕೆ ತಿದ್ದಿಕೊಟ್ಟವನ ಆಯಾಸ. ನಾನು ಯಾರೆಂದು ಹೇಳಿದೆ. ಅವನು ಬೆವರಲಿಲ್ಲ. ಅದಕ್ಕೂ ಅವನ ಬಳಿ ಪಾಠ ಸಿದ್ಧವಿತ್ತು.

“ಯಾವ ಮೆಸೇಜಲ್ಲಿ ತಪ್ಪಿದೆ ತೋರಿಸಿ. ಒಂದು. ಒಂದೇ ಒಂದು ತೋರಿಸಿ.”

“ಒಂದೊಂದರಲ್ಲೂ ಇಲ್ಲ ಸಾರ್.”

“ಹಾಗಿದ್ರೆ ಮುಗೀತಲ್ಲ.”

ಕಾರಿನ ಬಾಗಿಲು ತೆರೆದ. ನನಗೆ ಉಳಿದಿದ್ದು ಒಂದೇ ದಾರಿ, ಅವನ ಚಾಳಿ. ಫೋಟೋವನ್ನು ಅವನ ಮೂಗಿನ ಮುಂದೆ ಹಿಡಿದೆ. ಬೇಕೆಂದೇ ದಡ್ಡಿಯ ಹಾಗೆ ಹೇಳಿದೆ.

“ಅಲ್ಲ ಸಾರ್, ಇಷ್ಟು ದೊಡ್ಡ ಚೌಕ ಯಾಕ್ ಹಾಕಿದ್ರಿ? ಮಗೂದು ಕಣ್ಣು ಮುಚ್ಚಿದ್ರೆ ಸಾಕಿತ್ತಲ್ಲ.”

“ಸಾಕಾಗಲ್ಲ. ಹುಬ್ಬಿಂದ ಗದ್ದದವರೆಗೂ ಮುಚ್ಚಬೇಕು. ಅದಕ್ಕೇ ಅಷ್ಟು ದೊಡ್ಡದು ಹಾಕಿದ್ದು.”

ಹೇಳಿದ.

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಕೇಳಿಸಿಕೊಂಡ. ಮುಖ ಬಿಳಿಚಿಕೊಂಡಿತು. ಅವನ ಕಣ್ಣು ನನ್ನ ಜೇಬಿನ ಮೇಲೆ ಬಿತ್ತು. ಕೈ ಹಾಕಿದ. ನಾನು ಸರಿದೆ. ಅವನ ಬೆರಳಿಗೆ ಸಿಕ್ಕಿದ್ದು ನನ್ನ ಕರವಸ್ತ್ರ. ಅದನ್ನು ಎಸೆದು ಕಾರಿಗೆ ಹತ್ತಿದ. ಫೋನ್ ಸಿಗದಿದ್ದರೆ ಫೋನಿನ ಒಡತಿಯನ್ನೇ ಅರೆದುಹಾಕಿದರಾಯಿತು ಎಂದು ಲೆಕ್ಕ ಹಾಕಿರಬೇಕು.

ಅಲ್ಲಿಗೆ ಕತೆ ಕಂಬದ ಬಳಿ ಬಂತು.

ಅವನು ಗೇರ್ ಹುಡುಕಿಕೊಂಡ. ರಿವರ್ಸ್! ಹಿಂದಕ್ಕೆ ಬಂದೇ ನನ್ನನ್ನು ಮುಗಿಸುವ ಆಲೋಚನೆ. ಕಾರು ಅರಚಿಕೊಂಡು ಬಂತು. ಇದ್ದ ಕನ್ನಡಿಗಳನ್ನೂ ನೋಡಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲ. ಕಂಬದ ಈ ಬದಿಯಿಂದ ಆ ಬದಿಗೆ ತೆವಳಿದೆ... ಅವನು ನನ್ನನ್ನು ದಾಟಿ, ಲಿಫ್ಟ್ ಪಕ್ಕದಲ್ಲಿ ನಿಂತಿದ್ದ ಉದ್ದನೆಯ ಕಪ್ಪು ಕಾರಿಗೆ ಹೋಗಿ ಧಡಾರನೆ ಗುದ್ದಿದ.

ಕಪ್ಪು ಕಾರಿನ ಅಲಾರಂ ಬಾಯಿ ಬಡಿದುಕೊಳ್ಳಲು ಶುರುಮಾಡಿತು. ಒಳಗೆ ತೂಕಡಿಸುತ್ತಿದ್ದ ಡ್ರೈವರ್ ಇಳಿದು ಬಂದು ತಲೆಯ ಮೇಲೆ ಕೈ ಹೊತ್ತುಕೊಂಡ. ಅದು ಕಂಪನಿಯ ಮುಖ್ಯಸ್ಥೆಯ ಕಾರು. ಎಲ್ಲರೂ ಮೇಡಂ ಎನ್ನುವ ಮೇಡಂ.

ಮೇಷ್ಟ್ರು ಇಳಿದು ಮೆಟ್ಟಿಲ ಕಡೆ ಓಡಿದ. ಅವನ ಕಂಪ್ಯೂಟರ್ ಮೇಲಿನ ಮಹಡಿಯಲ್ಲಿತ್ತು, ಆ ಖಾತೆಗಳೆಲ್ಲ ಅದರಲ್ಲೇ ಇರಬೇಕು. ಅಳಿಸಿಬಿಟ್ಟರೆ ನನ್ನ ಬಳಿ ಉಳಿಯುವುದು ಒಂದು ಚೌಕದ ಮಾತು ಮಾತ್ರ. ಓಡಿದೆ. ಮಂಡಿ ಪ್ರತಿ ಮೆಟ್ಟಿಲಿಗೂ ನನ್ನ ವಂಶವನ್ನೆಲ್ಲ ಜಾಲಾಡಿತು. ಕಾರ್ಡ್ ತೋರಿಸಿ ತೆರೆಯುವ ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಸಂದಿಗೆ ಕಾಲು ತೂರಿಸಿದೆ.

ದೊಡ್ಡ ಹಾಲ್. ಸಾಲು ಸಾಲು ಸ್ಕ್ರೀನು, ಸಾಲು ಸಾಲು ಎಳೆಯ ಮುಖಗಳು. ಗೋಡೆಯ ಮೇಲೆ ನಗುವ ಕುಟುಂಬದ ಚಿತ್ರ, ಕೆಳಗೆ ‘ನೀವು ಸುರಕ್ಷಿತ’ ಎಂಬ ಬರಹ. ಮೇಷ್ಟ್ರು ಏದುಸಿರು ಬಿಡುತ್ತಾ ನನ್ನತ್ತ ಕೈ ತೋರಿಸಿದ.

“ಸೆಕ್ಯುರಿಟಿ, ಈಕೆ ನನಗೆ ಕಿರುಕುಳ ಕೊಡ್ತಾ ಇದ್ದಾರೆ.”

ಇಬ್ಬರು ಬಂದು ನನ್ನ ರಟ್ಟೆ ಹಿಡಿದರು. ನನ್ನ ತಂಗಿಯ ಮಗಳ ದೂರುಗಳು ತಿಂಗಳುಗಟ್ಟಲೆ ಕೊಳೆತಿದ್ದವು. ಇವನ ದೂರಿಗೆ ಕ್ರಮ ಜರುಗಿದ್ದು ಇವನು ಬಾಯಿ ಮುಚ್ಚುವ ಮುಂಚೆಯೇ!

ಅವನು ಕುರ್ಚಿಯಲ್ಲಿ ಕೂತು ಕೀಬೋರ್ಡ್ ಎಳೆದುಕೊಂಡ. ನನ್ನ ಒಂದು ಕೈ ಇನ್ನೂ ಬಿಡುವಾಗಿತ್ತು. ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಆ ಮಗು ನನ್ನ ಮೊಮ್ಮಗಳು, ಇವತ್ತು ಶಾಲೆಗೆ ಹೋಗಿಲ್ಲ, ಇದು ಯಾರ ಕೈಕೆಲಸ ಎಂದು ನೀವೇ ಹೇಳಿ ಎಂದೆ. ಫೋಟೋವನ್ನು ಹತ್ತಿರ ಕೂತಿದ್ದ ಹುಡುಗನ ಕೈಗಿತ್ತು, ಜೇಬಿನಿಂದ ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದೆ. ಹುಬ್ಬಿಂದ ಗದ್ದದವರೆಗೂ... ಅವನ ದನಿ ಹಾಲ್ ತುಂಬಾ ಕೇಳಿಸಿತು.

ಎಲ್ಲರೂ ಆ ಚೌಕ ನೋಡಿದರು. ದಿನಾ ಅವರೇ ಹಾಕುವ ಚೌಕ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದಳು. ದಪ್ಪ ಕನ್ನಡಕ, ಕಿವಿಗೆ ನೇತುಬಿದ್ದ ಹೆಡ್‌ಫೋನ್. ಮೇಷ್ಟ್ರ ಮುಂದಿನ ಕೀಬೋರ್ಡನ್ನು ವೈರ್ ಸಮೇತ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು.

“ಸಾಕ್ಷಿ ಅಳಿಸೋ ಹಾಗಿಲ್ಲ ಸಾರ್. ನೀವೇ ಕಲಿಸಿದ್ದು,” ಎಂದಳು.

ಆ ಹೊತ್ತಿಗೆ ಮೇಡಂ ಬಂದರು. ನನಗಾಗಿ ಅಲ್ಲ, ಮಗುವಿಗಾಗಿಯೂ ಅಲ್ಲ. ಬಂಪರಿಗಾಗಿ ಬಂದರು. ಹಿಂದೆಯೇ ಪೊಲೀಸರೂ ಬಂದರು, ಅದೂ ಬಂಪರಿಗಾಗಿಯೇ. ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ ಇನ್ಸ್‌ಪೆಕ್ಟರ್ ಅವನ ಹೆಗಲ ಮೇಲೆ ಕೈ ಹಾಕಿದಾಗಲೂ ಮೇಷ್ಟ್ರು, ಯಾವ ಸಾಲಿನಲ್ಲಿ ಅಪರಾಧವಿದೆ ತೋರಿಸಿ ಎನ್ನುತ್ತಿದ್ದ. ಇನ್ಸ್‌ಪೆಕ್ಟರ್, ಬನ್ನಿ, ಠಾಣೆಯಲ್ಲಿ ಎಲ್ಲ ಸೇರಿಸಿ ಓದೋಣ ಎಂದು ಕರೆದುಕೊಂಡು ಹೋದ.

ಮರುದಿನ ನಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಈ ಕಡೆ ನಾನು, ತಂಗಿಯ ಮಗಳು. ಆ ಕಡೆ ಮೇಡಂ, ಪಕ್ಕದಲ್ಲಿ ಲಾಯರ್. ಒಂದು ಹೇಳಿಕೆ ಮೊದಲೇ ಸಿದ್ಧವಾಗಿತ್ತು. ಇದು ಎಲ್ಲೋ ಒಂದು ಅಪರೂಪದ ಘಟನೆ, ಆ ನೌಕರನನ್ನು ತೆಗೆದಿದ್ದೇವೆ, ಖಾತೆಗಳನ್ನೆಲ್ಲ ಮುಚ್ಚಿದ್ದೇವೆ, ಬಳಕೆದಾರರ ನೆಮ್ಮದಿಯೇ ನಮ್ಮ ಉಸಿರು. ನನ್ನ ತಂಗಿಯ ಮಗಳು ತೃಪ್ತಿಯಿಂದ ಕೆಳಗೆ ಸಹಿ ಹಾಕಬೇಕು. ನನ್ನನ್ನು ಸುರಕ್ಷತಾ ಸಲಹಾ ಮಂಡಳಿಗೆ ಸೇರಿಸಿಕೊಳ್ಳುತ್ತಾರಂತೆ. ಫೋಟೋ ಕೂಡ ಹಾಕುತ್ತಾರಂತೆ.

ನಾನು ಒಂದೇ ಷರತ್ತು ಹಾಕಿದೆ. ಆ ಸಂದೇಶಗಳನ್ನು ಮೇಡಂ ಇಲ್ಲೇ, ಮೊದಲಿನಿಂದ ಕೊನೆಯವರೆಗೆ, ದನಿ ತೆಗೆದು ಓದಬೇಕು. ಲಾಯರ್ ಬೇಡವೆಂದ. ಮೇಡಂ, ಅದರಲ್ಲೇನಿದೆ ಎಂದು ಫೋನ್ ತೆಗೆದುಕೊಂಡರು.

ಮೊದಮೊದಲು ವಾರ್ತೆ ಓದಿದಂತೆ ಓದಿದರು. ಸ್ವೆಟರ್ ದಾಟಿತು. ಬಲ್ಬ್ ದಾಟಿತು. ಚಿಲಕದ ಬಳಿ ದನಿ ಇಳಿಯಿತು. ಬೇರೆ ಬೇರೆ ಹೆಸರು, ಬೇರೆ ಬೇರೆ ಹೂವು, ಮುಗಿಯುವ ಲಕ್ಷಣವೇ ಇಲ್ಲ... ಶಾಲೆಯ ಗೇಟಿಗೆ ಬರುವ ಹೊತ್ತಿಗೆ ಆಕೆ ನಡುವೆ ನಿಲ್ಲಿಸಿ ಎದ್ದರು. ಗಾಜಿನ ಗೋಡೆಯ ಪರದೆಯನ್ನು ಕೊನೆಯವರೆಗೂ ಎಳೆದು ಬಂದು ಕುಳಿತರು.

ಹೊರಗೆ ಯಾರೂ ಇರಲಿಲ್ಲ.

ಆಗ ತಂಗಿಯ ಮಗಳು ಮಾತಾಡಿದಳು. ಅವಳ ಕಣ್ಣು ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಮೇಡಂ, ನನ್ನ ಗಾಡೀಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರತ್ತೆ. ಕಲಿಯೋರು ಯಾರಿಗಾದ್ರೂ ಗುದ್ದೋಕೆ ಹೋದ್ರೆ ನಾನೇ ಒತ್ತಬೇಕು. ಗುದ್ದಿಸ್ಕೊಂಡೋರ ಹತ್ರ ಹೋಗಿ ದೂರು ಕೊಡಿ, ನೋಡ್ತೀವಿ ಅನ್ನಲ್ಲ.”

“ನಮ್ಮಲ್ಲೂ ಬ್ರೇಕ್ ಇದೆಯಮ್ಮ. ಅದಕ್ಕೇ ಅಷ್ಟು ಜನ ಇರೋದು.”

“ಇತ್ತು. ಅದರ ಮೇಲೆ ಕಾಲಿಟ್ಕೊಂಡು ಕೂತಿದ್ದೋನೇ ಅವನು. ಒಬ್ಬ ಮನುಷ್ಯ ಎಷ್ಟು ಖಾತೆ ತೆಗ್ದ, ಒಬ್ಬಳಿಗೇ ಎಷ್ಟು ಸಲ ಬರ್ದ, ಅದು ನಿಮ್ಮ ಮೆಷಿನ್‌ಗೆ ಗೊತ್ತಾಗಲ್ವಾ? ಜಾಹೀರಾತು ತೋರ್ಸೋವಾಗ ನನ್ನ ಚಪ್ಪಲಿ ಸೈಜೂ ಗೊತ್ತಿರತ್ತಲ್ಲ.”

ಮೇಡಂ ಫೋನನ್ನು ಮೆಲ್ಲಗೆ ಅವಳ ಕೈಗೆ ವಾಪಸ್ ಕೊಟ್ಟರು. ಎದೆಗೆ ತಾಕಿತೇನೋ ಎಂದುಕೊಂಡೆ. ಆಮೇಲೆ ಲಾಯರ್ ಕಡೆ ತಿರುಗಿ, ಬ್ರೇಕಿನ ಹೋಲಿಕೆ ಬಹಳ ಚೆನ್ನಾಗಿದೆ, ಮುಂದಿನ ಸಮಾವೇಶದ ಭಾಷಣಕ್ಕೆ ಬರೆದಿಟ್ಟುಕೊಳ್ಳಿ ಎಂದರು.

ತಂಗಿಯ ಮಗಳು ಸಹಿ ಹಾಕಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದಳು. ಸಂಜೆ ಕ್ಲಾಸ್ ಇತ್ತು. ಲಿಫ್ಟಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಕೆಳಗೆ ಇಳಿಯುವಷ್ಟರಲ್ಲಿ ಮುಗಿಸಿದಳು. ಮಗು ಮಾರನೆಯ ದಿನದಿಂದ ಶಾಲೆಗೆ ಹೋಗುತ್ತಿದೆ. ಬಿಡುವ ಹೊತ್ತಿಗೆ ಗೇಟಿನ ಬಳಿ ನಾನಿರುತ್ತೇನೆ. ಸಲಹಾ ಮಂಡಳಿಗೆ ನನ್ನ ಫೋಟೋ ಕೊಡಲಿಲ್ಲ.

ಆ ವಾರವೇ ಕಂಪನಿ ಮೇಷ್ಟ್ರ ಜಾಗಕ್ಕೆ ಜನ ಬೇಕೆಂದು ಜಾಹೀರಾತು ಕೊಟ್ಟಿತು. ಅರ್ಹತೆ ಒಂದೇ. ನಿಯಮಗಳೆಲ್ಲ ಬಾಯಿಪಾಠ ಇರಬೇಕು.